ಥರ್ಮೋಸ್ಟಾಟ್ ಹೌಸಿಂಗ್ ಬದಲಾಯಿಸದಿರಲು ಕಾರಣಗಳು

ನಮ್ಮ ಅಗ್ನಿಶಾಮಕ ಠಾಣೆಯಲ್ಲಿ ಒಂದೇ ವಾಹನವಿದ್ದು, ಅದು ಸುಸ್ಥಿತಿಯಲ್ಲಿದೆ ಎಂದು ದಾಖಲೆ ಹೇಳುತ್ತದೆ. ಅದರ ಡೀಸೆಲ್ ಎಂಜಿನ್ನಿನಲ್ಲಿ ಥರ್ಮೋಸ್ಟಾಟ್ ಎಂಬ ಸಣ್ಣ ಕವಾಟವಿದೆ. ಎಂಜಿನ್ ಕಾದಾಗ ತೆರೆದುಕೊಂಡು ನೀರನ್ನು ರೇಡಿಯೇಟರಿಗೆ ಬಿಡುತ್ತದೆ. ಆ ಕವಾಟ ಕೂರುವ ಲೋಹದ ಗೂಡೇ ಹೌಸಿಂಗ್. ಗೂಡು ಎಂದರೆ ಹಕ್ಕಿಯದಲ್ಲ, ಅಂಗೈಯಗಲದ ಅಲ್ಯೂಮಿನಿಯಂ ವಸ್ತು. ಅದರಡಿ ನೀರು ಸೋರದಂತೆ ತಡೆಯುವ ಗ್ಯಾಸ್ಕೆಟ್ ಬದಲಾಯಿಸಲು ಅರ್ಜಿ ಬೇಕು. ಬೋಲ್ಟ್ ಬಿಗಿಯಲು ಬೇಡ. ಆದ್ದರಿಂದ ಹನ್ನೊಂದು ವರ್ಷ, ಪ್ರತಿ ತಪಾಸಣೆಯ ಮುನ್ನಾದಿನ, ಬೋಲ್ಟನ್ನು ಇನ್ನಷ್ಟು ಬಿಗಿಯಲಾಯಿತು. ಹನ್ನೆರಡನೆಯ ವರ್ಷ ಹೌಸಿಂಗ್ ಸೀಳಿತು.

ಮೆಕ್ಯಾನಿಕ್ ಠಾಣಾಧಿಕಾರಿಯ ಮುಂದೆ ನಿಂತ.

"ಹೊಸ ಹೌಸಿಂಗ್ ಬೇಕು ಸಾರ್. ಏರು ಹತ್ತಿದ್ರೆ ನೀರು ಸೋರಿ ಎಂಜಿನ್ ಕುದಿಯುತ್ತೆ. ಗುಡ್ಡದ ಮೇಲೆ ನಮ್ಮ ಭಾವನ ಮರಗೆಲಸದ ಅಂಗಡಿ ಇದೆ. ಒಂದು ಕಿಡಿ ಬಿದ್ರೆ ಮುಗೀತು."

"ಗಾಡಿ ಬೆನ್ನ ಮೇಲೆ ಎರಡು ಸಾವಿರ ಲೀಟರ್ ಟ್ಯಾಂಕ್ ಇಟ್ಕೊಂಡು ನೀರಿಲ್ಲ ಅಂತೀಯಲ್ಲಯ್ಯ!"

"ಅದು ಬೆಂಕಿಗೆ ಮಾತ್ರ ಅಂತ ನೀವೇ ಬೋರ್ಡ್ ಬರೆಸಿದ್ದೀರಿ."

ಮರುದಿನ ಸುತ್ತೋಲೆ ಬಂತು: "ಎಂಜಿನ್ ಕುದಿಯುವುದನ್ನು ಕಿರುಬೆಂಕಿ ಎಂದು ಪರಿಗಣಿಸತಕ್ಕದ್ದು. ಸದರಿ ಬೆಂಕಿಗೆ ನಿಯಮದಂತೆ ಐನೂರು ಲೀಟರ್ ನೀರು ಬಳಸಿ, ಪ್ರತಿ ಸಲವೂ ವರದಿ ಸಲ್ಲಿಸತಕ್ಕದ್ದು."

ರೇಡಿಯೇಟರಿಗೆ ಹಿಡಿಯುವುದು ಇಪ್ಪತ್ತು ಲೀಟರ್. ಉಳಿದದ್ದನ್ನು ರಸ್ತೆಗೆ ಬಿಡಲಾಗುತ್ತಿತ್ತು, ಏಕೆಂದರೆ ನಿಯಮದಲ್ಲಿ ಇಪ್ಪತ್ತು ಎಂದಿರಲಿಲ್ಲ.

ಒಂದು ತಿಂಗಳಲ್ಲಿ ಠಾಣೆ ತೊಂಬತ್ತಾರು ಬೆಂಕಿ ನಂದಿಸಿತು. ಜನರ ಕಣ್ಣಿಗೆ ಒಂದೂ ಬೀಳಲಿಲ್ಲ. ಅಷ್ಟು ಚುರುಕು ಎಂದು ಹೊಗಳಿದರು. ಪ್ರಶಂಸಾ ಫಲಕ ಬಂದ ವಾರವೇ ಉಗ್ರಾಣದಿಂದ ಹೊಸ ಹೌಸಿಂಗೂ ಬಂತು.

"ಹಾಕಿಬಿಡ್ಲಾ ಸಾರ್? ಎರಡು ಗಂಟೆ ಕೆಲಸ."

"ಹಾಕಿದ್ರೆ ಮುಂದಿನ ತಿಂಗಳು ಎಷ್ಟು ಬೆಂಕಿ?"

"ಒಂದೂ ಇರಲ್ಲ."

"ಠಾಣೆ ಮುಚ್ಚಿಸ್ಬೇಕು ಅಂತಿದ್ದೀಯಾ? ಬೀರುವಿನಲ್ಲಿಟ್ಟು ಬೀಗ ಹಾಕು."

ಹತ್ತು ದಿನಕ್ಕೆ ಭಾವನ ಅಂಗಡಿಗೆ ಬೆಂಕಿ ಬಿತ್ತು. ಏರಿನಲ್ಲಿ ವಾಹನ ನಾಲ್ಕು ಸಲ ಕುದಿಯಿತು. "ಇಪ್ಪತ್ತು ಸಾಕು ಸಾರ್, ಮಿಕ್ಕಿದ್ದು ಮೇಲಕ್ಕೆ ಇರ್ಲಿ, ಕೈ ಮುಗೀತೀನಿ," ಎಂದು ಮೆಕ್ಯಾನಿಕ್ ನಾಲ್ಕು ಸಲವೂ ಗೋಗರೆದ. ನಾಲ್ಕು ಸಲವೂ ಐನೂರು ಬಿಡಲಾಯಿತು. ಐನೂರನ್ನು ನಾಲ್ಕರಿಂದ ಗುಣಿಸಿದರೆ ಎರಡು ಸಾವಿರವಾಗುತ್ತದೆ.

ಅಂಗಡಿಯ ಮುಂದೆ ಪೈಪು ಗಾಳಿ ಉಗುಳಿತು.

"ನೀರೆಲ್ಲೋ ಭಾಮೈದ?" ಭಾವ ಕಿರುಚಿದರು.

"ದಾರೀಲಿ ನಾಲ್ಕು ಬೆಂಕಿ ಆರಿಸಿದ್ವಿ, ಭಾವ."

ಅಷ್ಟರಲ್ಲಿ ಎಂಜಿನ್ ಐದನೆಯ ಸಲ ಕುದಿಯಿತು. ನೆರೆಯವರು ಬಕೆಟ್ ಹಿಡಿದು ಅಂಗಡಿಯತ್ತ ಓಡುತ್ತಿದ್ದರು. ಅಧಿಕಾರಿ ಕೈ ಅಡ್ಡ ಹಿಡಿದರು.

"ಮೊದಲು ಇಲ್ಲಿ ಸುರೀರಿ. ಅದು ಕೈಮೀರಿದೆ. ಇದನ್ನ ಆರಿಸಬಹುದು."

ಮಾತು ಸರಿಯೆನಿಸಿತು. ಎಲ್ಲರೂ ಸಾಲಾಗಿ ನಿಂತು ರೇಡಿಯೇಟರಿಗೆ ಸುರಿದರು. ಹಬೆ ಇಳಿಯಿತು, ಚಪ್ಪಾಳೆ ಬಿತ್ತು. ಹಿಂದೆ ಅಂಗಡಿಯ ಛಾವಣಿ ಕುಸಿಯಿತು. ಅಧಿಕಾರಿ ವರದಿ ತುಂಬಿ ಭಾವನ ಕೈಗಿತ್ತರು: ಆ ದಿನದ ಒಟ್ಟು ಬೆಂಕಿ ಆರು, ನಂದಿಸಿದ್ದು ಐದು.

"ಇದು ಒಳ್ಳೇದೇನೋ?" ಭಾವ ಮೆಲ್ಲಗೆ ಕೇಳಿದರು.

"ಶೇಕಡಾ ಎಂಬತ್ಮೂರು, ಭಾವ. ಫಸ್ಟ್ ಕ್ಲಾಸ್."

ಭಾವ ಮಸಿ ಹಿಡಿದ ಕೈಯನ್ನು ಅಂಗಿಗೆ ಒರೆಸಿಕೊಂಡು ಸಹಿ ಹಾಕಿದರು. ಆಮೇಲೆ, ಉರಿಯುತ್ತಲೇ ಇದ್ದ ತಮ್ಮ ಬೆಂಕಿಯೊಂದರಿಂದ ಠಾಣೆಯ ಲೆಕ್ಕ ಕೆಟ್ಟಿತೆಂದು ಸಾಹೇಬರಲ್ಲಿ ಕ್ಷಮೆ ಕೇಳಿದರು.