ನಳದ ಮೇಲಿನ ಕಾಗೆ

"ಆ ಕಾಗಿ ಅಳಿಸಬ್ಯಾಡ್ರಿ. ನಳದಾಗ ನೀರು ಬಂದ ದಿನ ಅದಾ ಹಾರಿ ಹೋಗ್ತೈತಿ."

ನನ್ನ ಹೆಂಡತಿ ನನಗೆ ಹೇಳಿದ ಕೊನೇ ಮಾತು ಇದು. ದವಾಖಾನೆ ಮಂಚದ ಮೇಲೆ ಹೇಳಿದಳು. ಹೇಳಿ ಗೋಡೆ ಕಡೆ ಹೊರಳಿದಳು. ಸಂಜೆಗೆ ಹೋದಳು.

ಯಾವ ಕಾಗೆ ಅಂತ ಹೇಳಬೇಕು. ನಾನು ಗೋಡೆ ಮೇಲೆ, ಬೋರ್ಡಿನ ಮೇಲೆ ಚಿತ್ರ ಬರೆಯುವವನು. ಓದಿದ್ದು ಮೂರನೇ ಇಯತ್ತೆ. ನೋಡಿದ್ದನ್ನು ಬರೆಯುವುದು ನನ್ನ ಕೈಗೆ ಬರುತ್ತಿತ್ತು. ಅದಕ್ಕೊಂದು ತುಂಟತನ ಸೇರಿಸುವುದು ಅವಳ ಕೆಲಸ. ಪಕ್ಕದಲ್ಲಿ ಬಣ್ಣ ಕಲಸುತ್ತ ಕೂತವಳು, ಬರೆದು ಮುಗಿಸಿದ ಮೇಲೆ "ಇಷ್ಟಾ?" ಅನ್ನುವಳು. ಆ "ಇಷ್ಟಾ" ಬಂತೆಂದರೆ ನನಗೆ ಏನೋ ಕಾದಿದೆ ಅಂತಲೇ. ಅವಳಿದ್ದಷ್ಟು ದಿನ ಇಂಥವು ಆಗುತ್ತಲೇ ಇದ್ದವು.

ಏಳು ಅಂಗಿ

ಹಡಗಲಿ ಕಡೆ ಒಂದು ಊರು. ಕುಟುಂಬ ಯೋಜನೆ ಗೋಡೆ. ಗಂಡ, ಹೆಂಡತಿ, ಎರಡು ಮಕ್ಕಳು. ಎಲ್ಲರೂ ನಗುತ್ತಿರಬೇಕು ಅಂತ ಸಾಹೇಬರ ಆರ್ಡರು. ಬರೆದೆ.

"ಇಷ್ಟಾ? ಹಿಂದ ಒಂದು ಹಗ್ಗ ಕಟ್ರಿ. ಕೂಸಿನ ಅಂಗಿ ಒಣಗಾಕ ಹಾಕ್ರಿ. ಏಳು."

ಹಾಕಿದೆ. ನೀರಿಗೆ ಹೋಗುವ ಹೆಂಗಸರು ಕೊಡ ಇಳಿಸಿ, ಅಂಗಿ ಎಣಿಸಿ ನಕ್ಕರು. ಎರಡೇ ಮಕ್ಕಳ ಮನೆ ಆ ಊರಲ್ಲಿ ಹುಡುಕಿದರೂ ಇರಲಿಲ್ಲ. ಸುದ್ದಿ ಮುಟ್ಟಿತು. ಜೀಪು ಬಂತು.

"ಎರಡು ಮಕ್ಕಳಿಗೆ ಏಳು ಅಂಗಿ ಯಾಕಯ್ಯಾ?" ಅಂದರು ಸಾಹೇಬರು.

ಅವಳು ಸೆರಗು ಹೊದ್ದು ಮುಂದೆ ಬಂದಳು.

"ನೀರಿಲ್ಲರಿ ಸಾಹೇಬ್ರ. ವಾರಕ್ಕೊಮ್ಮೆ ಒಗಿತಾರ."

ತಕ್ಕಡಿ

ಹರಪನಹಳ್ಳಿಯಲ್ಲಿ ಒಂದು ಶೇಂಗಾ ದಲಾಲಿ ಅಂಗಡಿ. ಗೋಡೆಗೆ ದೊಡ್ಡ ತಕ್ಕಡಿ ಬರಿ ಅಂದರು ಸಾಹುಕಾರರು. ಬರೆದೆ. ಎರಡೂ ತಟ್ಟೆ ಸಮ.

"ಇಷ್ಟಾ? ಇಂಥ ತಕ್ಕಡಿ ಎಲ್ಲಿ ನೋಡೀರಿ ನೀವು?"

ಒಂದು ತಟ್ಟೆಯಲ್ಲಿ ಮೂರು ಚೀಲ ಶೇಂಗಾ ಬರೆಸಿದಳು. ಇನ್ನೊಂದರಲ್ಲಿ ಒಂದೇ ಒಂದು ಸಣ್ಣ ತೂಕದ ಕಲ್ಲು. ಕಲ್ಲಿನ ತಟ್ಟೆ ನೆಲ ಮುಟ್ಟಿತ್ತು. ಚೀಲಗಳು ಮೇಲೆ ತೂಗಾಡುತ್ತಿದ್ದವು.

ಸಾಹುಕಾರರು ಬಂದು ಬಹಳ ಹೊತ್ತು ನೋಡಿದರು. ನಾನು ಡಬ್ಬಿ ಎತ್ತಿಕೊಂಡು ಓಡಲು ತಯಾರಾದೆ.

"ಲೇ ಪೇಂಟರ್, ಭಾರಿ ಕೈ ನಿಂದು!" ಅಂದರು. "ಥೇಟ್ ನಮ್ಮ ಅಂಗಡಿ ತಕ್ಕಡಿ ನೋಡೇ ಬರದಂಗೈತಿ."

ಕಾಗೆ

ನಮ್ಮೂರು ಕೂಡ್ಲಿಗಿ, ಕೊಟ್ಟೂರು ನಡುವೆ. ಊರಿಗೆ ನಳ ಬಂತು. ನೀರು ಬರಲಿಲ್ಲ. ಪಂಚಾಯ್ತಿ ಗೋಡೆ ಮೇಲೆ ಮಾತ್ರ ಸುರಿಯುವ ನಳ ಬರೆಯಬೇಕು ಅಂದರು ಚೇರ್ಮನ್ನರು.

ಆಗಲೇ ಅವಳಿಗೆ ಕೆಮ್ಮು ಹಿಡಿದಿತ್ತು. ನಳ ಬರೆದು ನೀಲಿ ಬಣ್ಣಕ್ಕೆ ಕೈ ಹಾಕಿದೆ. ತಡೆದಳು.

"ನೀರು ನಾಳಿಗೆ ಅಂತ ಅವರಾ ಹೇಳ್ಯಾರ. ಇವತ್ತು ಒಂದು ಕಾಗಿ ಬರೀರಿ."

ನಳದ ಮೇಲೆ ಕಾಗೆ ಕೂತಿತು. ತಲೆ ಕೆಳಗೆ ಮಾಡಿ, ಒಂದು ಕಣ್ಣಿಂದ ನಳದ ಬಾಯೊಳಗೆ ಇಣುಕುತ್ತಿತ್ತು. ಊರೆಲ್ಲ ಬಂದು ನೋಡಿ ನಕ್ಕಿತು. ಚೇರ್ಮನ್ನರು ನಗಲಿಲ್ಲ.

"ಎಂಟು ದಿನದಾಗ ಕಾಗಿ ಅಳಿಸಿ ನೀರು ಬರಿ. ಇಲ್ಲಂದ್ರ ಇನ್ನ ಪಂಚಾಯ್ತಿ ಗೋಡಿ ಒಂದೂ ನಿನಗಿಲ್ಲ."

ಆ ಗೋಡೆಗಳಿಂದಲೇ ನಮ್ಮ ಒಲೆ ಉರಿಯುತ್ತಿದ್ದದ್ದು. ಅಳಿಸಲೋ ಬೇಡವೋ ಅನ್ನುವುದರೊಳಗೆ ಅವಳನ್ನು ದವಾಖಾನೆಗೆ ಸೇರಿಸಬೇಕಾಯಿತು. ಅಲ್ಲಿ ಆ ಮಾತು ಹೇಳಿದಳು.

ಮೂರನೇ ದಿನ ಮಣ್ಣು ಮಾಡಿದ ಜಾಗದಲ್ಲಿ ಎಡೆ ಇಟ್ಟೆವು. ಅವಳಿಗೆ ಇಷ್ಟವಾದದ್ದು, ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ನಮ್ಮಲ್ಲಿ ಕಾಗೆ ಮುಟ್ಟುವ ತನಕ ಬಂದವರು ಯಾರೂ ಉಣ್ಣುವಂತಿಲ್ಲ. ಬೇವಿನ ಮರದಲ್ಲಿ ನಾಲ್ಕೈದು ಕೂತಿದ್ದವು. ಒಂದೂ ಇಳಿಯಲಿಲ್ಲ. ಹೊತ್ತು ನೆತ್ತಿಗೆ ಬಂತು.

"ಏನೋ ಆಸಿ ಉಳದೈತಿ ಆಕೀದು" ಅಂದಳು ಓಣಿಯ ಮುದುಕಿ.

"ಅಕ್ಕಾ, ನಿನ್ನ ಎಮ್ಮಿ ನಾ ನೋಡ್ಕೋತೀನಿ" ಅಂದಳು ನನ್ನ ಹೆಂಡತಿಯ ತಂಗಿ. ಕಾಗೆ ಅಲುಗಲಿಲ್ಲ.

ಯಾವ ಆಸೆ ಅಂತ ನನಗೆ ಗೊತ್ತಿತ್ತು. ಹೇಳೋಣವೆಂದರೆ ಚೇರ್ಮನ್ನರು ಪಕ್ಕದಲ್ಲೇ ನಿಂತಿದ್ದರು. ಅವರಿಗೆ ಸಕ್ಕರೆ ರೋಗ. ಹಸಿವು ತಡೆಯದು. ಬೆವರುತ್ತಿದ್ದರು.

"ಕೊನೀಗೆ ಏನಂದ್ಲು ಹೇಳಪಾ" ಅಂದಳು ಮುದುಕಿ.

ಹೇಳಿದೆ. ಎಲ್ಲರೂ ಚೇರ್ಮನ್ನರ ಕಡೆ ತಿರುಗಿದರು. ಅವರು ಮರ ನೋಡಿದರು. ಬಜ್ಜಿ ನೋಡಿದರು. ಟೋಪಿ ತೆಗೆದು ಮರಕ್ಕೆ ಕೈಮುಗಿದರು.

"ತಂಗೀ, ನಿನ್ನ ಕಾಗಿ ಯಾರೂ ಅಳಸಂಗಿಲ್ಲ. ಚೇರ್ಮನ್ ಆಗಿ ಹೇಳ್ತೀನಿ. ಇಳಿಯವ್ವಾ."

ಇಳಿಯಲಿಲ್ಲ.

"ಬರೀ ಇಷ್ಟಕ್ಕ ಇಳಿಯಾಕಿ ಅಲ್ಲಪಾ ಆಕಿ" ಅಂದಳು ಮುದುಕಿ. "ನೀರಿನದೂ ಹೇಳು."

"ನೀರೂ ಬಿಡಿಸ್ತೀನವ್ವಾ!"

ಕಾಗೆ ಇಳಿಯಿತು. ಮಂಡಕ್ಕಿ ಮುಟ್ಟಲಿಲ್ಲ. ದೊಡ್ಡ ಬಜ್ಜಿ ಆರಿಸಿ ಕಚ್ಚಿಕೊಂಡು ಹೋಯಿತು. ಸುಡುಗಾಡೆಂದು ಮರೆತು ಎಲ್ಲರೂ ನಕ್ಕರು. ಮೂರು ದಿನದ ಮೇಲೆ ನಾನೂ ನಕ್ಕೆ. ಆಮೇಲೆ ಅತ್ತೆ.

ಮರುದಿನ ಬೆಳಿಗ್ಗೆ ಕರಿ ಬಣ್ಣ ನಾನೇ ಕಲಸಿಕೊಂಡು ಪಂಚಾಯ್ತಿ ಗೋಡೆಗೆ ಹೋದೆ. ನಳದ ಮೇಲೆ, ಅವಳ ಕಾಗೆಯ ಪಕ್ಕ, ಇನ್ನೊಂದು ಕಾಗೆ ಬರೆದೆ.