ಕಲಬೆರಕೆ ಒಲ್ಲದವನ ಕುತ್ತಿಗೆ

ಗಡಿಯಾರ ರಿಪೇರಿ ಮಾಡುವವನು ಇಪ್ಪತ್ತೆರಡು ವರ್ಷ ಕುತ್ತಿಗೆ ಬಗ್ಗಿಸಿ ಕೂತರೆ ಏನಾಗುತ್ತದೆ? ಒಂದು ದಿನ ಅದು ಮೇಲೇಳುವುದಿಲ್ಲ. (ನನಗೆ ಮದುವೆಯಾಗಿಯೂ ಇಪ್ಪತ್ತೆರಡೇ ವರ್ಷ. ಕುತ್ತಿಗೆ ಯಾವುದಕ್ಕೆ ಬಾಗಿತು ಎಂದು ನಾನು ಹೆಚ್ಚು ವಿಚಾರಿಸಲು ಹೋಗಿಲ್ಲ.)

ಹಿಡಿದುಕೊಂಡಿದ್ದಾದರೂ ಯಾವತ್ತು ಅಂತೀರಿ? ಶಾಲೆಯ ದೊಡ್ಡ ಗಡಿಯಾರ ಚಾಲೂ ಆಗುವ ದಿನ! ಒಂಬತ್ತು ವರ್ಷ ಸತ್ತು ನಿಂತಿದ್ದ ಅದಕ್ಕೆ ನಾಲ್ಕು ತಿಂಗಳು ಕೂತು ಜೀವ ತುಂಬಿದ್ದೆ. ಮಧ್ಯಾಹ್ನ ನಾಲ್ಕಕ್ಕೆ ನಾನು ಏಣಿ ಹತ್ತಿ ಲೋಲಕ ತಟ್ಟಬೇಕು, ಇಳಿದು ಭಾಷಣ ಮಾಡಬೇಕು, ಆಮೇಲೆ ಗಡಿಯಾರದ ಹಿತ್ತಾಳೆ ಕೀಲಿಯನ್ನು ಮುಖ್ಯೋಪಾಧ್ಯಾಯಿನಿಯವರು ಮೇಲ್ವಿಚಾರಕನೆಂಬ ಬಿರುದಿನೊಂದಿಗೆ ನನಗೆ ಒಪ್ಪಿಸಬೇಕು ಎಂದು ಮಾತಾಗಿತ್ತು. ಆ ಕೀಲಿ ನೇತುಹಾಕಲು ಅಂಗಡಿಯಲ್ಲಿ ಮೊಳೆ ಕೂಡ ಹೊಡೆದಿದ್ದೆ. ಭಾಷಣ ಎಂಟು ಪುಟ. ಏಳೂವರೆ ಪುಟ ನನ್ನ ಬಗ್ಗೆ, ಉಳಿದರ್ಧ ನನ್ನ ಅಂಗಡಿಯ ಬಗ್ಗೆ.

"ತಲೆ ಎತ್ತೋಕೇ ಆಗ್ತಿಲ್ಲ ಕಣೇ," ಎಂದು ನರಳಿದೆ.

"ಎತ್ತಿ ಅಭ್ಯಾಸ ಇದ್ರೆ ತಾನೇ," ಎನ್ನುತ್ತ ನನ್ನವಳು ಕಪಾಟಿನಿಂದ ಹೆಬ್ಬೆರಳಷ್ಟು ಬಾಟಲಿ ತಂದಳು. ಲೋಬಾನದ ಎಣ್ಣೆ. ಮರದ ತೊಗಟೆ ಗೀರಿದಾಗ ಒಸರುವ ಅಂಟಿನಿಂದ ಇಳಿಸಿದ್ದಂತೆ. ಜೊತೆಗಿದ್ದ ಚೀಟಿಯನ್ನು ಬಿಡಿಸಿ ಓದತೊಡಗಿದಳು. "ಎರಡು ಹನೀನ ಎರಡು ಚಮಚ ಅಡುಗೆ ಎಣ್ಣೇಲಿ ಬೆರೆಸಿ ಹಚ್ಚಬೇಕಂತೆ. ಅದಕ್ಕೂ ಮೊದಲು ಮೊಳಕೈ ಒಳಗಡೆ ಒಂಚೂರು ಹಚ್ಚಿ ಒಂದು ದಿನ ನೋಡಬೇಕಂತೆ. ಕುಡೀಬಾರದು, ಕಣ್ಣಿಗೆ ತಾಗಿಸಬಾರದು, ಬೆಂಕಿ ಹತ್ರ..."

"ಒಂದು ದಿನವೇ? ನಾಲ್ಕು ಗಂಟೆಗೆ ಸಮಾರಂಭ ಕಣೇ!"

"ಹಾಗಾದ್ರೆ ಇವತ್ತು ಬೇಡ ಬಿಡಿ. ಬಿಸಿನೀರಲ್ಲಿ ಬಟ್ಟೆ ಅದ್ದಿ ತರ್ತೀನಿ. ಅದನ್ನ ಮುಟ್ಬೇಡಿ."

ಅವಳು ಅತ್ತ ಹೋದಳು, ನಾನು ಇತ್ತ ಮುಟ್ಟಿದೆ. ತಪ್ಪು ನನ್ನದಲ್ಲ, ಕಸುಬಿನದು. ಎಣ್ಣೆಗೆ ಎಣ್ಣೆ ಬೆರೆಸಬಾರದು ಎಂಬುದು ನಮ್ಮಲ್ಲಿ ವೇದವಾಕ್ಯ. ಬೆರೆಸಿದರೆ ಚಕ್ರ ಅಂಟಿಕೊಳ್ಳುತ್ತದೆ. ಕಲಿಯುವಾಗ ಒಮ್ಮೆ ಬೆರೆಸಿದ್ದಕ್ಕೆ ಗುರುಗಳು ಕೊಟ್ಟ ಏಟು ಇನ್ನೂ ಬೆನ್ನಿಗೆ ನೆನಪಿದೆ. ಗಿರಾಕಿಯ ಗಡಿಯಾರಕ್ಕೇ ಮಾಡದ ಕಲಬೆರಕೆಯನ್ನು ಸ್ವಂತ ಕುತ್ತಿಗೆಗೆ ಮಾಡಲೇ? ಅಂಗೈ ತುಂಬ ಸುರಿದುಕೊಂಡು ಶುದ್ಧವಾಗಿ ತಿಕ್ಕಿದೆ.

ಮೊದಲು ಪರಿಮಳ ಬಂತು. ಋಷಿಯಾದಂತೆನಿಸಿತು. ಆಮೇಲೆ ಉರಿ ಬಂತು. ಬೆವರು ಕಿತ್ತುಕೊಂಡಿತು. ಬೆವರು ಒರೆಸಲು ಅದೇ ಕೈಯಿಂದ ಎರಡೂ ಕಣ್ಣು ಉಜ್ಜಿಕೊಂಡೆ.

"ಅಯ್ಯಯ್ಯೋ, ಸತ್ತೆ ಕಣೇ!"

"ಸಾಯ್ಬೇಡಿ, ಬಗ್ಗಿ!" ಎಂದವಳೇ ನಲ್ಲಿಯ ಕೆಳಗೆ ನನ್ನ ಮುಖ ಹಿಡಿದಳು. ಒಂದು ಕೈಯಲ್ಲಿ ಕಣ್ಣಿಗೆ ನೀರು, ಇನ್ನೊಂದು ಕೈಯಲ್ಲಿ ಕುತ್ತಿಗೆಗೆ ಅಡುಗೆ ಎಣ್ಣೆಯ ಬಟ್ಟೆ. "ಕುತ್ತಿಗೆಗೆ ಮೊದಲು ಎಣ್ಣೇಲಿ ಒರೆಸಿ, ಆಮೇಲೆ ಸೋಪು. ಇದೂ ಚೀಟೀಲೇ ಇತ್ತು. ಕೇಳೋ ವ್ಯವಧಾನ ಯಾರಿಗಿತ್ತು?" ಇಪ್ಪತ್ತು ನಿಮಿಷ ನೀರು ನಿಲ್ಲಲಿಲ್ಲ, ಬೈಗುಳವೂ ನಿಲ್ಲಲಿಲ್ಲ.

ಪಕ್ಕದ ಬೀದಿಯ ಡಾಕ್ಟರು ಕಣ್ಣಿಗೆ ದೀಪ ಹಾಕಿ ನೋಡಿ, "ಏನೂ ಆಗಿಲ್ಲ. ಸಂಜೆಯವರೆಗೆ ಧಾರಾಕಾರ ಸುರಿಯುತ್ತೆ, ಅಷ್ಟೆ. ಇವರು ಕೂಡಲೇ ತೊಳೆದಿದ್ದು ನಿಮ್ಮ ಪುಣ್ಯ," ಎಂದರು.

ನಾಲ್ಕು ಗಂಟೆ. ಕಣ್ಣು ಕಾಣದು, ಕುತ್ತಿಗೆ ಏಳದು. ಏಣಿ ಹತ್ತಿದವಳು ನನ್ನವಳೇ, ಲೋಲಕ ತಟ್ಟಿದವಳೂ ಅವಳೇ. ಟಿಕ್, ಟಿಕ್ ಎಂದಿತು. ಮಕ್ಕಳು ಕುಣಿದರು. ನಾನು ಭಾಷಣ ಬಿಡಿಸಿದರೆ ಎಂಟೂ ಪುಟ ಮಳೆಯಲ್ಲಿ ನೆಂದ ಇರುವೆ ಸಾಲಿನಂತೆ ಕಂಡವು. ಕಣ್ಣಿಂದ ಗಂಗಾಭವಾನಿ ಇಳಿಯುತ್ತಿದ್ದಳು.

"ಪಾಪ, ಎಷ್ಟು ಭಾವುಕರಾಗಿದ್ದಾರೆ!" ಎಂದು ಮುಖ್ಯೋಪಾಧ್ಯಾಯಿನಿಯವರೂ ಕಣ್ಣೊರೆಸಿಕೊಂಡರು. ಮುಂದಿನ ಸಾಲು ಮೂಗು ಸೀಟಿತು.

ಏನಾದರೂ ಹೇಳಲೇಬೇಕಲ್ಲ? ಓದಲಾಗದೆ ನಿಂತಾಗ, ಎಂಟು ಪುಟದಲ್ಲಿ ಇರದಿದ್ದ ಒಂದು ಸಂಗತಿ ನೆನಪಾಯಿತು. ಆ ಗಡಿಯಾರದ ಹಳೇ ಕೈಪಿಡಿಯನ್ನು ನಾಲ್ಕು ತಿಂಗಳೂ ಪಕ್ಕದಲ್ಲಿ ಕೂತು ಓದಿ ಹೇಳಿದವಳು ಅವಳು. ಸಣ್ಣ ಅಕ್ಷರ ಓದುವ ತಾಳ್ಮೆ ನನಗೆಲ್ಲಿ?

"ನಾನು ತಿರುಪು ತಿರುಗಿಸಿದೆ, ಅಷ್ಟೆ," ಎಂದೆ. "ಯಾವುದನ್ನ ಎಷ್ಟು ತಿರುಗಿಸಬೇಕು ಅಂತ ಓದಿ ಹೇಳಿದ್ದು ನನ್ನ ಹೆಂಡತಿ. ಇವತ್ತು ನನ್ನ ಕಣ್ಣು ಉಳಿದಿದ್ರೆ ಅದು ಅವಳಿಂದ."

ಜನ ಅದನ್ನು ಅಲಂಕಾರದ ಮಾತೆಂದುಕೊಂಡು ಎರಡು ನಿಮಿಷ ಚಪ್ಪಾಳೆ ತಟ್ಟಿದರು. ನನ್ನವಳು ಮಾತ್ರ ತಟ್ಟಲಿಲ್ಲ. ಸೆರಗಿನ ತುದಿಯಿಂದ ನನ್ನ ಕಣ್ಣೊರೆಸಿ, "ಮತ್ತೆ ಉಜ್ಜಿಕೊಳ್ಬೇಡಿ," ಎಂದಳು.

"ಹಾಗಾದ್ರೆ ಕೀಲಿ ಯಾರ ಕೈ ಸೇರಬೇಕು ಅಂತ ನೀವೇ ಹೇಳಿದ ಹಾಗಾಯ್ತು," ಎಂದು ಮುಖ್ಯೋಪಾಧ್ಯಾಯಿನಿಯವರು ಅದನ್ನು, ಬಿರುದು ಸಮೇತ, ಅವಳ ಕೈಗಿತ್ತರು.

ಅಂಗಡಿಯ ಮೊಳೆಗೆ ಈಗ ಆ ಚೀಟಿಯನ್ನು ಚುಚ್ಚಿಟ್ಟಿದ್ದೇನೆ. ಬಾಟಲಿ ಅವಳ ಕಪಾಟಿನಲ್ಲಿ ಭದ್ರ. ಕಿಟಕಿ ತೆರೆದಿಟ್ಟು ಪರಿಮಳ ನೋಡುವುದಷ್ಟೇ ನನಗೆ ಅಪ್ಪಣೆ. ಬಿಸಿನೀರಿನ ಬಟ್ಟೆಯ ದಯೆಯಿಂದ ಕುತ್ತಿಗೆ ಸಲೀಸಾಗಿ ಮೇಲೇಳುತ್ತದೆ. ಏಳಲೇಬೇಕು. ಪ್ರತಿ ಶನಿವಾರ ಮೇಲ್ವಿಚಾರಕಿಯವರು ಕೀಲಿ ಕೊಡಲು ಏಣಿ ಹತ್ತುತ್ತಾರೆ, ಏಣಿ ಹಿಡಿಯುವ ಹುದ್ದೆ ನನ್ನದು.