ಕೆಂಚಿಯ ಬಾಣಂತನ

ನಾಯಿಗೆ ಆಪರೇಷನ್ ಮಾಡಿಸುವುದು, ಅದು ಮತ್ತೆ ಎದ್ದು ಓಡಾಡುವುದು ಆಗದ ಮಾತು ಎಂದು ಮೊಟ್ಟಮೊದಲು ಹೇಳಿದವಳು ನಮ್ಮ ದೊಡ್ಡವ್ವ. "ಆಗಂಗಿಲ್ಲ," ಅಂದಳು. ಅಷ್ಟು ಕೇಳಿದ್ದೇ ತಡ, ನನಗೆ ಧೈರ್ಯ ಬಂತು.

ಯಾಕೆ ಧೈರ್ಯ ಬಂತೆಂದು ಹೇಳಿಬಿಡುತ್ತೇನೆ. ದೊಡ್ಡವ್ವ ಎಂದರೆ ನಮ್ಮ ಅಪ್ಪನ ಅಣ್ಣನ ಹೆಂಡತಿ. ಅವಳು ಆಗಂಗಿಲ್ಲ ಎಂದ ಕೆಲಸ ಅಲ್ಲಿಯವರೆಗೆ ಆಗದೇ ಉಳಿದದ್ದನ್ನು ನಾನು ಕಂಡಿರಲಿಲ್ಲ. ಹಿತ್ತಲದ ಬೋರಿಗೆ ನೀರು ಬೀಳಂಗಿಲ್ಲ ಅಂದಳು, ಬಿತ್ತು. ನಮ್ಮ ಕಾಕಾ ತಂಬಾಕು ಬಿಡಂಗಿಲ್ಲ ಅಂದಳು, ಬಿಟ್ಟ. ಅವನ ಚೀಲವನ್ನು ಅವಳೇ ಒಲೆಗೆ ಹಾಕಿದ್ದಳು ಎಂಬುದು ಬೇರೆ ಮಾತು. ಈ ಮನೆಯ ಹೆಣ್ಣುಮಗಳು ಡಿಗ್ರಿ ಮುಗಿಸಂಗಿಲ್ಲ ಎಂದೂ ಅಂದಳು. ನಾನು ಮುಗಿಸಿದೆ. ಇದನ್ನು ಸಂಕೋಚ ಮಾಡದೆ ಬರೆಯುತ್ತೇನೆ, ಏಕೆಂದರೆ ನಮ್ಮ ಮನೆತನದಲ್ಲಿ ಅದಕ್ಕೂ ಮೊದಲು ಕಾಲೇಜಿನ ಗೇಟು ದಾಟಿದವರು ನಮ್ಮ ಅಪ್ಪ ಒಬ್ಬರೇ, ಅದೂ ಅಲ್ಲಿ ಕಟ್ಟುತ್ತಿದ್ದ ಕಟ್ಟಡಕ್ಕೆ ಉಸುಕು ಇಳಿಸಲು.

ಕಾಲೇಜು ಇಂಡಿಯಲ್ಲಿತ್ತು. ನಮ್ಮ ಮನೆ ಸಾಲೋಟಗಿ ದಾಟಿದ ಮೇಲೆ ರಸ್ತೆಯ ಬಗಲಲ್ಲೇ ಇದೆ, ಆದರೆ ಅಲ್ಲಿ ಬಸ್ಸು ನಿಲ್ಲುತ್ತಿರಲಿಲ್ಲ. "ಬಸ್ ನಿಂದ್ರಂಗಿಲ್ಲ, ನೀ ಕಲಿಯಂಗಿಲ್ಲ," ಎಂದು ತೀರ್ಪು ಕೊಟ್ಟ ದೊಡ್ಡವ್ವ ಮರುದಿನ ಬೆಳಿಗ್ಗೆ ಎಮ್ಮೆ ಹಿಡಿದುಕೊಂಡು ನಡುರಸ್ತೆಯಲ್ಲಿ ನಿಂತಿದ್ದಳು. ಡ್ರೈವರ್ ಕಿಡಕಿಯಿಂದ ತಲೆ ಹೊರಗೆ ಹಾಕಿದ.

"ಯವ್ವಾ, ಎಮ್ಮಿ ತಗೀಬೇ."

"ತಗೀತೇನಿ. ಮೊದಲ ಈ ಹುಡುಗೀನ್ನ ಹತ್ತಿಸ್ಕೋ."

ಹುಡುಗಿ ಹತ್ತಿದಳು, ಎಮ್ಮೆ ಸರಿಯಿತು. ಕೆಲವು ದಿನ ಹೀಗೆ ನಡೆದ ಮೇಲೆ ಬಸ್ಸು ತಾನಾಗಿಯೇ ನಿಲ್ಲತೊಡಗಿತು. ಆ ಎಮ್ಮೆ ಹೋಗಿ ಎಷ್ಟೋ ವರ್ಷವಾಯಿತು. ಈಗಲೂ ಕಂಡಕ್ಟರುಗಳು ನಮ್ಮ ಮನೆ ಬಂದರೆ "ಎಮ್ಮಿ ಸ್ಟಾಪ್, ಇಳೀರಿ" ಎಂದು ಕೂಗುತ್ತಾರೆ. ನನ್ನ ಪದವಿಯಲ್ಲಿ ಅರ್ಧ ಪಾಲು ಆ ಎಮ್ಮೆಯದು ಎಂದರೆ ತಪ್ಪಿಲ್ಲ.

ಈಗ ನಾಯಿಯ ವಿಷಯ. ಕೆಂಚಿ ನಮ್ಮ ಮನೆಯ ನಾಯಿ. ಸಾಕಿದ್ದಲ್ಲ, ತಾನೇ ಬಂದದ್ದು. ಬಂದ ಮೇಲೆ ವರ್ಷಕ್ಕೆರಡು ಸಲ ಜೋಳದ ಕಣಿಕೆಯ ಬಣವೆಯ ಸಂದಿನಲ್ಲಿ ಮರಿ ಹಾಕುವುದನ್ನು ರೂಢಿ ಮಾಡಿಕೊಂಡಿತು. ಮರಿಗಳು ಕಣ್ಣು ಬಿಡುತ್ತಿದ್ದವು, ಕುಣಿಯುತ್ತಿದ್ದವು, ನಂತರ ಒಂದೊಂದಾಗಿ ರಸ್ತೆಯ ಪಾಲಾಗುತ್ತಿದ್ದವು. ಕೆಂಚಿ ರಸ್ತೆಯ ಅಂಚಿನಲ್ಲಿ ಮೂಸುತ್ತ ಕೂಡುತ್ತಿತ್ತು. ದೊಡ್ಡವ್ವ ಸಲಿಕೆ ತೆಗೆದುಕೊಂಡು ಹೋಗುತ್ತಿದ್ದಳು. ನಾನು ಸಿಂದಗಿಯಲ್ಲಿ ಹೈಸ್ಕೂಲ್ ಶಿಕ್ಷಕಿ. ಒಂದು ಶನಿವಾರ ಊರಿಗೆ ಬಂದಾಗ ಅವಳ ಕೈಯಲ್ಲಿ ಆ ಸಲಿಕೆ ನೋಡಿದೆ. ಅಂದೇ ನಿರ್ಧಾರ ಮಾಡಿದೆ: ಇನ್ನು ಸಾಕು.

"ದವಾಖಾನಿಗೆ ಒಯ್ದು ಆಪರೇಷನ್ ಮಾಡಸ್ತೇನಿ," ಅಂದೆ.

"ಆಗಂಗಿಲ್ಲ," ಅಂದಳು ದೊಡ್ಡವ್ವ. ಹೇಳಿದವಳೇ ಎಲ್ಲರಿಗಿಂತ ಮೊದಲು ಟಂಟಂ ಆಟೋ ಹತ್ತಿ ಕುಳಿತಳು.

ಇಂಡಿಯ ಪಶು ದವಾಖಾನೆಯ ಡಾಕ್ಟರಬಾಯಿ ಸಣ್ಣ ವಯಸ್ಸಿನವರು, ಶಾಂತ ಸ್ವಭಾವದವರು. ಆಪರೇಷನ್ ಮುಗಿಸಿ ಹೊರಗೆ ಬಂದು ಎಲ್ಲ ಬಿಡಿಸಿ ಹೇಳಿದರು. ಜಿಗಿಯಲು ಬಿಡಬಾರದು, ಮೈ ತೊಳೆಯಬಾರದು, ಹೊಲಿಗೆ ನೆಕ್ಕಿಕೊಳ್ಳಲು ಬಿಡಲೇಬಾರದು, ನೋವಿನ ಗುಳಿಗೆ ತಪ್ಪಿಸಬಾರದು, ದ್ರಾಕ್ಷಿ ತಿನ್ನಿಸಬಾರದು. ನಾನು ಅಷ್ಟನ್ನೂ ಮನಸ್ಸಿಗೆ ಹಾಕಿಕೊಂಡೆ. ದೊಡ್ಡವ್ವನ ಕಿವಿಗೆ ಬಿದ್ದದ್ದು ಒಂದೇ ಶಬ್ದ: ಆಪರೇಷನ್.

ನಮ್ಮ ಕಡೆ ಹೆಂಗಸರ ಬಾಯಲ್ಲಿ ಆ ಶಬ್ದಕ್ಕೆ ಒಂದೇ ಅರ್ಥ. ಅಪೆಂಡಿಕ್ಸಿನದಾದರೆ ಅಪೆಂಡಿಕ್ಸ್ ಎನ್ನುತ್ತಾರೆ, ಕಣ್ಣಿನದಾದರೆ ಕಣ್ಣು ಎನ್ನುತ್ತಾರೆ; ಬರೀ "ಆಪರೇಷನ್ ಆತು" ಎಂದರೆ ಮಕ್ಕಳು ಸಾಕೆಂದು ಮಾಡಿಸಿಕೊಂಡದ್ದು. ಅದರ ಹಿಂದೆಯೇ ಬಾಣಂತನ ಬರಬೇಕು. ಮತ್ತು ಬಾಣಂತನ ಎಂದರೆ ನಮ್ಮ ಊರಿಗೆಲ್ಲ ದೊಡ್ಡವ್ವನೇ! ಯಾರ ಮನೆಯಲ್ಲಿ ಯಾರು ಹಡೆಯಲಿ, ಕರೆಯದಿದ್ದರೂ ಹೋಗಿ, ಹಸಿಬಾಣಂತಿಯನ್ನು ಮಂಚದಿಂದ ಇಳಿಯಗೊಡದೆ, ಕೆಲಸ ಹೇಳಲು ಬಂದ ಅತ್ತೆಯರನ್ನು ಬಾಗಿಲಲ್ಲೇ ತಡೆದು ವಾಪಸು ಕಳಿಸುವುದು ಅವಳ ಬದುಕಿನ ಮುಖ್ಯ ಉದ್ಯೋಗ.

ಸಂಜೆ ನಾನು ಕೆಂಚಿಯನ್ನು ಎತ್ತಿಕೊಂಡು ಬಂದಾಗ, ಮುಂಚೆಯೇ ಮನೆ ಸೇರಿದ್ದ ದೊಡ್ಡವ್ವ ಮೂಲೆಯ ಖೋಲಿಯನ್ನು ಸಜ್ಜು ಮಾಡಿಟ್ಟಿದ್ದಳು. ನೆಲಕ್ಕೆ ಮಡಚಿದ ಕೌದಿ. ಅದರ ಬಗಲಿಗೆ ಕೆಂಡ ತುಂಬಿದ ಶೇಗಡಿ. ಲೋಬಾನದ ಹೊಗೆ ಎಷ್ಟಿತ್ತೆಂದರೆ ದೊಡ್ಡವ್ವ ಎಲ್ಲಿದ್ದಾಳೆಂದು ಕೆಮ್ಮಿನಿಂದ ತಿಳಿಯಬೇಕಾಯಿತು. ಕೈಯಲ್ಲಿ ಎರಡು ಹತ್ತಿಯ ಉಂಡೆ.

"ಇದೇನ ದೊಡ್ಡವ್ವ?"

"ಕಿವಿಗೆ ಹತ್ತಿ. ಗಾಳಿ ಹೊಕ್ಕೀತು."

"ಅದೇನ್ ಹಡದೈತೇನ?"

"ಹಡೀದಿದ್ರ ಏನಾತು? ಹೊಟ್ಟಿ ಕೊಯ್ದಾರಿಲ್ಲೊ?"

ಈ ಪ್ರಶ್ನೆಗೆ ಪದವಿಯಲ್ಲಿ ಉತ್ತರ ಕಲಿಸಿರಲಿಲ್ಲ. ಆದರೂ ವಾದ ಮಾಡಿ ಶೇಗಡಿ ಹೊರಗೆ ಕಳಿಸಿದೆ, ಕಿಡಕಿ ತೆರೆದೆ. ಕೌದಿಗೆ ಒಪ್ಪಿಕೊಂಡೆ. ಹತ್ತಿಯ ವಿಷಯವನ್ನು ಕೆಂಚಿಯೇ ಇತ್ಯರ್ಥ ಮಾಡಿತು. ಅಂಥ ಸ್ಥಿತಿಯಲ್ಲೂ ಒಮ್ಮೆ ಕಿವಿ ಕೊಡವಿತು, ಎರಡೂ ಉಂಡೆ ಹಾರಿ ಹೋದವು.

ಅರಿವಳಿಕೆಯ ಅಮಲು ಇಳಿದಂತೆ ಕೆಂಚಿ ನಡುಗತೊಡಗಿತು. ಸಣ್ಣಗೆ, ಬಾಯಿ ತೆರೆಯದೆ, ಗಂಟಲಲ್ಲೇ ಕುಯ್‌ಗುಟ್ಟಿತು. ನಾನು ಗುಳಿಗೆಯನ್ನು ಬೆಣ್ಣೆ ಹಚ್ಚಿದ ರೊಟ್ಟಿಯ ಚೂರಿನಲ್ಲಿ ಮಡಚಿ ಕೊಟ್ಟೆ. ಕೆಂಚಿ ರೊಟ್ಟಿ ತಿಂದಿತು, ಬೆಣ್ಣೆ ತಿಂದಿತು, ಗುಳಿಗೆಯನ್ನು ತೊಳೆದಿಟ್ಟಂತೆ ಸ್ವಚ್ಛ ಮಾಡಿ ನನ್ನ ಮುಂದೆ ಇಟ್ಟಿತು. ಮತ್ತೆ ಕೊಟ್ಟೆ. ಮತ್ತೆ ಇಟ್ಟಿತು.

"ನನ್ನ ಮೊಳಕಾಲ ಗುಳಿಗಿ ಕೊಡ್ತೇನಿ ತಡಿ," ಎಂದು ದೊಡ್ಡವ್ವ ಎದ್ದಳು.

ನಾನು ಅಡ್ಡಗಟ್ಟಿ, ಡಾಕ್ಟರಬಾಯಿಗೆ ಫೋನ್ ಹಚ್ಚಿ, ಸ್ಪೀಕರ್ ಮೇಲಿಟ್ಟೆ. ಅವರು ಖಡಕ್ಕಾಗಿ ಹೇಳಿದರು: "ಮನುಷ್ಯರ ನೋವಿನ ಗುಳಿಗೆ ಕೊಡಲೇಬೇಡಿ. ನಾಯಿಗೆ ಅದು ವಿಷ."

ದೊಡ್ಡವ್ವ ಫೋನಿಗೆ ಬಾಗಿ ಕೇಳಿದಳು. "ಹಂಗಾರ ನಾ ದಿನಾ ವಿಷ ನುಂಗಾಕತ್ತೇನೇನ್ರಿ?"

ಡಾಕ್ಟರಬಾಯಿ ನಕ್ಕು ಫೋನ್ ಇಟ್ಟರು. ನಾನು ಮತ್ತೆ ರೊಟ್ಟಿ ಹಿಡಿದು ಕುಳಿತೆ. "ಬಿಡು, ಅದು ನುಂಗಂಗಿಲ್ಲ," ಅಂದಳು ದೊಡ್ಡವ್ವ. ನನ್ನ ಜೀವ ಹಗುರಾಯಿತು! ಅಂದುಕೊಂಡಂತೆಯೇ ಅವಳು ಕೆಂಚಿಯ ಎದುರಿಗೆ ಚಕ್ಕಳಮಕ್ಕಳ ಹಾಕಿ ಕುಳಿತು, ನನ್ನ ಕೈಯಿಂದ ರೊಟ್ಟಿ ಕಸಿದು, ಅದನ್ನು ತಾನೇ ತಿನ್ನುವವಳಂತೆ ಬಾಯಿ ಚಪ್ಪರಿಸತೊಡಗಿದಳು. ಕಣ್ಣು ಮುಚ್ಚಿದಳು, ತಲೆದೂಗಿದಳು. "ಕೆಂಚಿಗೆ ಕೊಡಂಗಿಲ್ಲ. ಯಾರಿಗೂ ಕೊಡಂಗಿಲ್ಲ." ನಟನೆ ಎಷ್ಟು ಚೆಂದಾಗಿತ್ತೆಂದರೆ ನನ್ನ ಬಾಯಲ್ಲೂ ನೀರೂರಿತು. ಕೆಂಚಿ ಕತ್ತು ಎತ್ತಿತು. ಇನ್ನೇನು ದೊಡ್ಡವ್ವನ ಬಾಯಿಗೆ ಹೋಗಬೇಕೆನ್ನುವಷ್ಟರಲ್ಲಿ ಗಬಕ್ಕನೆ ಕಸಿದು, ಅಗಿಯದೆ ನುಂಗಿತು.

ಸ್ವಲ್ಪ ಹೊತ್ತಿಗೆ ನಡುಕ ನಿಂತಿತು. ಉಸಿರು ಸಮನಾಯಿತು. ದೊಡ್ಡವ್ವ ಅದನ್ನೇ ನೋಡುತ್ತ ಕುಳಿತಿದ್ದಳು.

"ಗುಳಿಗಿ ಕೊಟ್ರ ನೋವು ನಿಂದರತೈತೇನ?"

"ನಿಂದರತೈತಿ."

"ಹೌದೇನ," ಅಂದಳು. ಅವಳ ಕೈ ತನ್ನ ಕಿಬ್ಬೊಟ್ಟೆಯ ಮೇಲೆ ಹೋಗಿ ನಿಂತಿತು. ನಾನು ಅಂದು ಅದಕ್ಕೆ ಅರ್ಥ ಹುಡುಕಲಿಲ್ಲ.

ಮರುದಿನ ಬೆಳಿಗ್ಗೆ ಒರಳಿನ ಸಪ್ಪಳಕ್ಕೆ ಎಚ್ಚರವಾಯಿತು. ದೊಡ್ಡವ್ವ ಅಂಟಿನ ಉಂಡಿ ಕಟ್ಟುತ್ತಿದ್ದಳು. ಬಾಣಂತಿಗೆ ಅದಿಲ್ಲದೆ ನಡೆಯುತ್ತದೆಯೇ? ಹುರಿದ ಅಂಟು, ಕೊಬ್ಬರಿ, ಉತ್ತತ್ತಿ, ಮತ್ತು ನಮ್ಮ ಇಂಡಿ ಸೀಮೆಯ ಹೆಮ್ಮೆಯಾದ ಒಣದ್ರಾಕ್ಷಿ, ಕೈಬಿಚ್ಚಿ. ಮೊದಲ ಉಂಡಿ ಕೆಂಚಿಯ ಮೂಗಿನ ಹತ್ತಿರ ಹೋಗಿಯಾಗಿತ್ತು. ನಾನು ಹಾಸಿಗೆಯಿಂದಲೇ ಹಾರಿ ಅದನ್ನು ಕಸಿದುಕೊಂಡೆ.

"ದ್ರಾಕ್ಷಿ ನಾಯಿಗೆ ಆಗಂಗಿಲ್ಲ ದೊಡ್ಡವ್ವ, ಮೂತ್ರಪಿಂಡ ಹೋಗತಾವು! ಡಾಕ್ಟರಬಾಯಿ ಹೇಳ್ಯಾರ."

"ದ್ರಾಕ್ಷಿ ತಿಂದು ಸಾಯೂದಿದ್ರ ಈ ಜಿಲ್ಲಾದಾಗ ಒಂದರ ನಾಯಿ ಉಳೀತಿತ್ತೇನ?"

ನಾನು ಬಿಡಲಿಲ್ಲ. ಬಸ್ಸಿನ ಮುಂದೆ ನಿಂತ ಎಮ್ಮೆಯಂತೆ ಖೋಲಿಯ ಬಾಗಿಲಲ್ಲಿ ನಿಂತೆ, ಕಲಿತದ್ದು ಅವಳಿಂದಲೇ. ದೊಡ್ಡವ್ವನಿಗೆ ಸಿಟ್ಟು ಬಂತು. ನನ್ನೊಡನೆ ಮಾತು ಬಿಟ್ಟಳು. ನನಗೆ ಹೇಳಬೇಕಾದ್ದನ್ನೆಲ್ಲ ಕೆಂಚಿಗೆ ಹೇಳತೊಡಗಿದಳು. "ಕೇಳಿದೇನವಾ ಕೆಂಚವ್ವ, ಕಲ್ತವರು ಬಾಣಂತಿ ಬಾಯಾಗಿನ ತುತ್ತು ಕಸಗೊಂತಾರ." ಆದರೆ ಮಧ್ಯಾಹ್ನ ಕೆಂಚಿಗೆ ಬಂದದ್ದು ಗಂಜಿ ಮತ್ತು ಮಜ್ಜಿಗೆ ಅಷ್ಟೇ. ಡಬ್ಬಿ ತುಂಬ ಉಳಿದ ಉಂಡಿಗಳನ್ನು ನಾನು ಸಿಂದಗಿಗೆ ಒಯ್ದೆ. ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚಿದಾಗ ಸಹೋದ್ಯೋಗಿಗಳು ಮುಖ ಮುಖ ನೋಡಿಕೊಂಡರು. "ಏನ್ರಿ ಅಕ್ಕೋರ, ಮನ್ಯಾಗ ಯಾರ ಬಾಣಂತನರಿ?" ಎಂದು ಒಬ್ಬರು ಕೇಳಿದರು. ನಿಜ ಹೇಳಿದೆ. ಆಮೇಲೆ ಉಂಡಿಗೆ ಯಾರೂ ಕೈ ಹಾಕಲಿಲ್ಲ.

ನಗೆಯೆಲ್ಲ ಒಂದು ಕಡೆ. ನಿಜವಾದ ಭಯ ಇದ್ದದ್ದು ಹೊಲಿಗೆಯದು; ಅದಕ್ಕೇ ರಜೆ ಬರೆದುಕೊಟ್ಟು ಊರಿಗೆ ವಾಪಸು ಬಂದೆ. ನೆಕ್ಕಬಾರದೆಂದು ಕೊರಳಿಗೆ ಲಾಳಿಕೆಯಂಥ ಪ್ಲಾಸ್ಟಿಕ್ಕಿನ ಅಗಲ ಪಟ್ಟಿಯೊಂದನ್ನು ಕೊಟ್ಟಿದ್ದರು. ದೊಡ್ಡವ್ವ ಅದನ್ನು ಕುಂಚಗಿ ಎಂದು ಕರೆದಳು, ಕೂಸುಗಳಿಗೆ ತಲೆಗೆ ಕಟ್ಟುತ್ತಾರಲ್ಲ ಅದು. ಕೆಂಚಿ ಅದನ್ನು ಹಾಕಿಕೊಂಡು ಬಾಗಿಲಿಗೆ ಹಾಯ್ದಿತು, ಗೋಡೆಗೆ ಹಾಯ್ದಿತು, ಕೊನೆಗೆ ಮೂಲೆಗೆ ಮುಖ ಮಾಡಿ ನಿಂತು ಅನ್ನನೀರು ಬಿಟ್ಟಿತು. ತಿನ್ನಲೆಂದು ತೆಗೆದರೆ, ತಿನ್ನುವುದನ್ನು ಬಿಟ್ಟು ಹೊಲಿಗೆಗೆ ನಾಲಿಗೆ ಹಚ್ಚಿತು. ಒಂದು ಕಡೆ ಕೆಂಪಾಗಿ ಬಾವು ಬಂತು. ಫೋನಿನಲ್ಲಿ ಡಾಕ್ಟರಬಾಯಿ ಮುಚ್ಚಿಡಲಿಲ್ಲ: ಹೊಲಿಗೆ ಬಿಚ್ಚಿದರೆ ಮತ್ತೆ ಕೊಯ್ಯಬೇಕಾಗುತ್ತದೆ, ಕೀವು ತುಂಬಿದರೆ ಜೀವಕ್ಕೇ ಅಪಾಯ.

ಒಂದು ಹೊತ್ತಿಗೆ ನನಗೇ ಅಳು ಬಂತು. ನಾನಲ್ಲವೇ ಒಯ್ದು ಕೊಯ್ಯಿಸಿದವಳು?

ದೊಡ್ಡವ್ವ ನನ್ನ ಮುಖ ನೋಡಿದಳು, ಕೆಂಚಿಯ ಹೊಟ್ಟೆ ನೋಡಿದಳು. ಸಿಟ್ಟು ಮರೆತು ನೇರ ನನಗೇ ಹೇಳಿದಳು: "ಇದು ಉಳಿಯಂಗಿಲ್ಲ." ಹೇಳಿ, ಟ್ರಂಕು ತೆಗೆದಳು. ತಳದಿಂದ ಒಂದು ಖಣ ಹೊರಗೆ ಬಂತು, ಹಸಿರು ದಡಿಯ ಗುಳೇದಗುಡ್ಡದ ಖಣ. ನಾನು ನೌಕರಿ ಸೇರಿದ ಹೊಸತರಲ್ಲಿ ಕುಪ್ಪಸ ಹೊಲಿಸಿಕೊಳ್ಳೆಂದು ಕೊಟ್ಟದ್ದು. ಮುಟ್ಟಿದರೆ ಮಾಸೀತೆಂದು ಇಷ್ಟು ವರ್ಷ ಮಡಿಕೆ ಮುರಿಯದೆ ಇಟ್ಟಿದ್ದಳು. ಕತ್ತರಿ ಹಾಕಿಯೇಬಿಟ್ಟಳು.

"ದೊಡ್ಡವ್ವ, ಅದು ನಾ ಕೊಟ್ಟ ಖಣ."

"ಹೌದ. ಅದಕ್ಕ ಹಾಕಾಕತ್ತೇನಿ. ಮೆತ್ತಗ ಐತಿ."

ನಾಲ್ಕು ಕಾಲಿಗೆ ನಾಲ್ಕು ತೂತು, ಹೊಟ್ಟೆ ಪೂರ್ತಿ ಮುಚ್ಚಿ, ಬೆನ್ನಿನ ಮೇಲೆ ಕಸಿ ಕಟ್ಟುವಂತೆ, ಕೂಸುಗಳಿಗೆ ಹಾಕುವಂಥ ಝಬಲಾ ಸಿದ್ಧವಾಯಿತು. ಕೆಂಚಿ ಅದನ್ನು ಹಾಕಿಕೊಂಡು ಸುಮ್ಮನೆ ನಿಂತಿತು. ತಿರುಗಿ ಮೂಸಿತು. ಬಟ್ಟೆಯ ತುಂಬ ದೊಡ್ಡವ್ವನ ವಾಸನೆ ಇದ್ದಿರಬೇಕು. ಹೊಲಿಗೆಯ ಗೊಡವೆ ಬಿಟ್ಟು ಗಂಜಿ ಕುಡಿಯಿತು. ಕೌದಿಯಲ್ಲಿ ಮಲಗಿದ ಅದರ ಬಗಲಿಗೆ ದೊಡ್ಡವ್ವ ತಾನೂ ನೆಲಕ್ಕೆ ಉರುಳಿದಳು, ಹೊಲಿಗೆ ಬಿಚ್ಚುವವರೆಗೆ ಮಂಚ ಹತ್ತಲಿಲ್ಲ. ತಾನು ಹತ್ತಿದರೆ ಕೆಂಚಿಯೂ ಜಿಗಿದೀತು ಎಂದು.

ಬಾಣಂತನದ ಸುದ್ದಿ ಹಬ್ಬದಿರುತ್ತದೆಯೇ? ಪಕ್ಕದ ಮನೆಯ ಮಾಬೂಬಿ ಚಿಗವ್ವ ಒಂದು ಗಿಂಡಿಯಲ್ಲಿ ಬಿಸಿ ಸಾರು ತಂದು ಖೋಲಿಯೊಳಗೆ ಇಣುಕಿದಳು. ಖಣ ಹಾಕಿಕೊಂಡ ನಾಯಿ ನೋಡಿ ತಡೆದು ನಿಂತಳು.

"ಬಾಣಂತಿ ಇಕಿನೇನ? ಕೂಸು ಎಲ್ಲೈತಿ?"

"ಕೂಸು ಇಲ್ಲ," ಅಂದಳು ದೊಡ್ಡವ್ವ. "ಇನ್ನ ಆಗಂಗೂ ಇಲ್ಲ."

"ನಸೀಬದಾಕಿ ಬಿಡು," ಎಂದು ಮಾಬೂಬಿ ಚಿಗವ್ವ ಕುಳಿತುಕೊಂಡಳು. ಇಬ್ಬರೂ ಸೇರಿ ಬಹಳ ಹೊತ್ತು ನಕ್ಕರು. ದೊಡ್ಡವ್ವ ಆಗಂಗಿಲ್ಲ ಎಂದು ಹೇಳಿ ಅದು ನಿಜವಾಗಿಯೂ ಆಗದೇ ಇರುವುದು ಅದೊಂದೇ.

ಬಾವು ಇಳಿಯಿತು. ಗಾಯ ಒಣಗಿತು. ಹೊಲಿಗೆ ಬಿಚ್ಚುವ ದಿನ ಮತ್ತೆ ಟಂಟಂ ಹತ್ತಿ ಇಂಡಿಗೆ ಹೋದೆವು. ಕೆಂಚಿಯನ್ನು ಒಳಗೆ ಕರೆದುಕೊಂಡರು; ನಾವಿಬ್ಬರೂ ಹೊರಗೆ ಬೆಂಚಿನ ಮೇಲೆ ಕುಳಿತೆವು. ಖಣದ ಝಬಲಾ ದೊಡ್ಡವ್ವನ ತೊಡೆಯ ಮೇಲಿತ್ತು. ಅದರ ಕಸಿಯನ್ನು ಬೆರಳಿಗೆ ಸುತ್ತುತ್ತ, ಯಾರಿಗೋ ದಾರಿ ಹೇಳುವಷ್ಟು ಸಹಜವಾಗಿ ಹೇಳಿದಳು:

"ನಂದು ಆಪರೇಷನ್ ಆದಾಗ ಕ್ಯಾಂಪಿನಿಂದ ಮನಿಗೆ ಬಂದೆ. ಜ್ವಾಳ ತೆನಿ ಮುರಿಯೂ ಸುಗ್ಗಿ. ನಾಕ ದಿನ ಮಲಗ್ತೇನ್ರಿ ಅತ್ತಿ, ಅಂದೆ. ನಿಮ್ಮ ಆಯಿ, ಆಗಂಗಿಲ್ಲ, ಅಂದ್ಲು."

ಆಮೇಲೆ ಏನಾಯಿತೆಂದು ನಾನು ಕೇಳಲಿಲ್ಲ. ಊರಿನ ಅಷ್ಟೂ ಬಾಣಂತಿಯರ ಬಾಗಿಲಲ್ಲಿ ಅಡ್ಡ ನಿಂತವಳನ್ನು ಚಿಕ್ಕಂದಿನಿಂದ ನೋಡಿದ್ದೆನಲ್ಲ.

ಡಾಕ್ಟರಬಾಯಿ ಬಾಗಿಲು ತೆರೆದರು. ಕೆಂಚಿ ಬಾಲ ಬೀಸುತ್ತ ಹೊರಗೆ ಬಂದು ನೇರ ದೊಡ್ಡವ್ವನ ಕಾಲಿಗೆ ಒರಗಿತು. ಆಪರೇಷನ್ ಆಗಿದೆ, ಹುಚ್ಚುನಾಯಿ ರೋಗದ ಲಸಿಕೆಯೂ ಆಗಿದೆ, ಗಾಯ ಪೂರ್ತಿ ಮಾದಿದೆ ಎಂದು ಬರೆದು ಮುದ್ರೆ ಒತ್ತಿದ ಸರ್ಟಿಫಿಕೇಟನ್ನು ಡಾಕ್ಟರಬಾಯಿ ನನ್ನ ಕಡೆ ಚಾಚಿದರು. "ಇವರಿಗೆ ಕೊಡ್ರಿ," ಅಂದೆ. ದೊಡ್ಡವ್ವ ಸೆರಗಿಗೆ ಕೈ ಒರೆಸಿಕೊಂಡು ಎರಡೂ ಕೈಯಿಂದ ಇಸಿದುಕೊಂಡಳು. ಕೆಂಚಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಆ ಕಾಗದವನ್ನು ಅದರ ನೆತ್ತಿಗೆ ಮುಟ್ಟಿಸಿ, ನಾನು ಹುಟ್ಟಿದಾಗಿನಿಂದ ಅವಳ ಬಾಯಲ್ಲಿ ಕೇಳದ ಮಾತೊಂದನ್ನು ಹೇಳಿದಳು:

"ಆಗತೈತಿ, ಕೆಂಚವ್ವ. ಮಲಗಾಕ ಬಿಟ್ರ ಯಾರಿಗಿದ್ರೂ ಆರಾಮ ಆಗತೈತಿ."